ಲೆವೆಲ್ಲಣ್ಣನೂ ಅತ್ತೆಯ ಟೊಮೆಟೊ ಗಿಡವೂ

ನಮ್ಮ ಬೀದಿಯ ಸಲೂನಿನವನನ್ನು ಎಲ್ಲರೂ ಕರೆಯುವುದು ಲೆವೆಲ್ಲಣ್ಣ ಅಂತ. ಎಡಗಿವಿಯ ಮೇಲೆ ಒಂದೆಳೆ ತೆಗೆದನೋ, ಬಲಗಿವಿಯ ಮೇಲೂ ತೆಗೆಯಬೇಕು; ಬಲಕ್ಕೆ ಚೂರು ಹೆಚ್ಚಾಯಿತೋ, ಮತ್ತೆ ಎಡಕ್ಕೆ ಬರಬೇಕು. "ಒಂಚೂರು ಲೆವೆಲ್ ಮಾಡಿಬಿಡ್ತೀನಿ" ಎಂದನೆಂದರೆ ಕುರ್ಚಿಯಲ್ಲಿ ಕೂತವರು ಕನ್ನಡಿ ಬಿಟ್ಟು ದೇವರನ್ನು ನೆನೆಯುತ್ತಾರೆ.

ಇಂಥವನ ಕೈಗೆ, ಅವನ ಮನೆಯಲ್ಲೇ ಇದ್ದ ಅವನ ಅತ್ತೆ ತಮ್ಮ ಟೊಮೆಟೊ ಕುಂಡ ಒಪ್ಪಿಸಿ ಕಿರಿಮಗಳ ಮನೆಗೆ ಹೊರಟರು. ಆಗಷ್ಟೇ ಒಂದು ಕಾಯಿ ಕಚ್ಚಿತ್ತು.

"ಅಳಿಯಂದ್ರೇ, ಮಗಳನ್ನ ಕೊಡೋವಾಗ್ಲೂ ನಾನು ಇಷ್ಟು ಹೇಳಿರ್ಲಿಲ್ಲ. ಗಿಡ ಜೋಪಾನ."

"ನನ್ನ ತಲೆ ಥರ ನೋಡ್ಕೋತೀನಿ ಅತ್ತೆ."

"ಬೇರೆಯವರ ತಲೆ ಥರ ನೋಡ್ಕೋಬೇಡಿ, ಸಾಕು," ಎಂದಳು ಹೆಂಡತಿ.

ದಿನಾ ಸಂಜೆ ಅಂಗಡಿಯಿಂದ ಬಂದವನೇ, ಗಿರಾಕಿಗಳ ತಲೆಗೆ ನೀರು ಚಿಮುಕಿಸುವ ಬಾಟಲಿಯಿಂದ ಗಿಡದ ಮೈತುಂಬ ಪುಸ್ ಪುಸ್ ಎನಿಸಿದ. ಕೆಲವೇ ದಿನಕ್ಕೆ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಬಾಯಾರಿರಬೇಕೆಂದು ಇನ್ನಷ್ಟು ಚಿಮುಕಿಸಿದ. ಹಳದಿಯ ನಡುವೆ ಕಂದು ಚುಕ್ಕೆ ಎದ್ದವು. ಚುಕ್ಕೆಯೊಳಗೆ ಉಂಗುರ, ಉಂಗುರದೊಳಗೆ ಉಂಗುರ. ಒಂದೆಲೆ ಕಿತ್ತುಕೊಂಡು ಸಸಿ ಮಾರುವ ಅಕ್ಕನ ಬಳಿ ಓಡಿದ.

"ಎಲೆ ಒದ್ದೆಯಾಗಿರತ್ತಾ?"

"ದಿನಾ ಸ್ನಾನ ಮಾಡಿಸ್ತೀನಕ್ಕ."

"ಅದೇ ಮತ್ತೆ! ಇದು ಬೂಷ್ಟಿನ ರೋಗ. ಒದ್ದೆ ಎಲೆ ಸಿಕ್ರೆ ಅದಕ್ಕೆ ಹಬ್ಬ. ನೀರು ಬುಡಕ್ಕೆ ಹಾಕು. ಚುಕ್ಕೆ ಬಿದ್ದ ಎಲೆ ಮಾತ್ರ ಕತ್ತರಿಸಿ ದೂರ ಬಿಸಾಕು."

'ಕತ್ತರಿಸಿ' ಎಂದದ್ದೇ ತಡ, ಅವನ ಮುಖ ಅರಳಿತು. 'ಮಾತ್ರ' ಎಂಬುದು ಕಿವಿಗೇ ಬೀಳಲಿಲ್ಲ.

ಕತ್ತರಿ ತೊಳೆದು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಡಗಡೆಯ ರೋಗದ ಎಲೆಗಳು ಹೋದವು. ಕಣ್ಣು ಕಿರಿದು ಮಾಡಿ ನೋಡಿದ. ಬಲಗಡೆ ರೋಗವಿರಲಿಲ್ಲ, ಆದರೆ ದಟ್ಟವಾಗಿತ್ತು. ಕಚಕ್. ಈಗ ಎಡ ಹೆಚ್ಚಾಯಿತು. ಕಚಕ್. ಹೆಂಡತಿ ಬಂದು ನೋಡುವಷ್ಟರಲ್ಲಿ ನೆತ್ತಿಯಲ್ಲೊಂದು ಜುಟ್ಟು, ನಡುವೆ ಆ ಕಾಯಿ, ಮಿಕ್ಕಿದ್ದೆಲ್ಲ ಕಡ್ಡಿ.

"ಅಯ್ಯೋ ನಿಮ್ಮ! ಅಮ್ಮ ನಾಳೆ ಬರ್ತಾಳೆ ರೀ!"

"ಮೇಕೆ ತಿಂತು ಅನ್ನೋಣ."

"ಮೂರನೇ ಮಹಡಿಗೆ ಮೇಕೆ ಲಿಫ್ಟಲ್ಲಿ ಬಂತಾ?"

ಮರುದಿನ ಅತ್ತೆ ಚೀಲವನ್ನೂ ಇಳಿಸದೆ ಕುಂಡದ ಸುತ್ತ ಒಂದು ಸುತ್ತು ಬಂದರು.

"ಅತ್ತೆ, ಮೇಕೆ..."

"ಮೇಕೆ ಇಷ್ಟು ನೀಟಾಗಿ ತಿನ್ನಲ್ಲ ಅಳಿಯಂದ್ರೇ." ಕನ್ನಡಕ ಏರಿಸಿ ಜುಟ್ಟಿನ ಎಲೆಗಳನ್ನು ಮಗುಚಿ ನೋಡಿದರು. ಚುಕ್ಕೆಯಿರಲಿಲ್ಲ. "ರೋಗ ಹೋಗಿದೆ. ಗಿಡಾನೂ ಅರ್ಧ ಹೋಗಿದೆ. ಕಾಯಿಗೆ ನೆರಳು ಯಾರು ಕೊಡ್ತಾರೆ, ನಿಮ್ಮಪ್ಪನಾ?"

ಗಿಡವನ್ನು ಅವನೊಬ್ಬನ ಜೊತೆ ಬಿಡುವ ಮಾತೇ ಇಲ್ಲ. ಮನೆಯಲ್ಲಿ ಬಿಟ್ಟರೆ ಮಧ್ಯಾಹ್ನದ ಬಿಸಿಲು. ಕೊನೆಗೆ ಕುಂಡ ಸಲೂನಿನ ಬಾಗಿಲ ನೆರಳಿಗೆ ಬಂತು, ಕಾವಲಿಗೆ ಅತ್ತೆ ಒಳಗಿನ ಬೆಂಚಿಗೆ ಬಂದರು.

ಕೂತಲ್ಲಿಂದ ಅವರ ಕಣ್ಣು ಗಿಡದ ಮೇಲೆ, ಕತ್ತರಿಯ ಮೇಲೂ. ಅಳಿಯ ಗಿರಾಕಿಗೆ "ಒಂಚೂರು ಲೆವೆಲ್..." ಎಂದು ಬಾಯಿ ತೆರೆದರೆ ಸಾಕು:

"ಸಾಕು ಬಿಡಿ ಅಳಿಯಂದ್ರೇ, ಲಕ್ಷಣವಾಗಿದಾರೆ."

ಕತ್ತರಿ ನಿಂತುಬಿಡುತ್ತಿತ್ತು. ಗಿಡ ಚಿಗುರಿತು, ಕಾಯಿ ಕೆಂಪಾಯಿತು. ಅತ್ತೆ ಕುಂಡ ಎತ್ತಿಕೊಂಡು ಮನೆಗೆ ಹೊರಟ ದಿನ ಸಾಲಿನಲ್ಲಿದ್ದ ಗಿರಾಕಿಗಳೆಲ್ಲ ಬಾಗಿಲಿಗೆ ಅಡ್ಡ ನಿಂತರು.

"ಗಿಡ ಬೇಕಾದ್ರೆ ಕಳ್ಸಿ ಅಮ್ಮಾ," ಎಂದ ಅರ್ಧ ಕ್ಷೌರದ ಗುಮಾಸ್ತ, ಕೊರಳಲ್ಲಿ ಬಟ್ಟೆ ಕಟ್ಟಿಕೊಂಡೇ ಎದ್ದು ಬಂದು. "ನೀವು ಕೂತ್ಕೊಳ್ಳಿ."