ಇಶ್ರತ್ ಬಿಚ್ಚಿದ ಹೊಲಿಗೆ

ಬಸವಕಲ್ಯಾಣದ ನಮ್ಮ ಓಣಿಯ ಇಶ್ರತ್ ಹೊಲಿದ ಬ್ಲೌಸಿನ ಹೊಲಿಗೆ ತಾನಾಗಿ ಬಿಚ್ಚಿದ್ದನ್ನು ಕಂಡವರಿಲ್ಲ. ಅದನ್ನು ಬಿಚ್ಚುವುದೆಲ್ಲ ಆಕೆಯದೇ ಕೆಲಸ. ಹೊಲಿಯುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹೊಲಿಯುತ್ತಾಳೆ. ಎಲ್ಲೋ ಒಂದು ಹೊಲಿಗೆ ತಪ್ಪಿ ಮದುವೆಮನೆಯಲ್ಲಿ ಹುಡುಗಿಯ ಮಾನ ಹೋದೀತೆಂಬ ಭಯ. ಓಣಿಯವರು ಅದನ್ನು ಕೈಗುಣವೆಂದು ಹೊಗಳಿದರು. ಇವಳಿಗೆ ನಿದ್ದೆಯಿಲ್ಲ, ಬೆರಳೆಲ್ಲ ಬಿರಿದಿವೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಊರಿಗೆ ಗೊತ್ತಾಗಬಾರದೆಂದು ಹುಮನಾಬಾದಿನ ಮನೋವೈದ್ಯರಲ್ಲಿಗೆ ಹೋದಳು. ಅಲ್ಲಿ ಬೆಂಚಿನ ಮೇಲೆ ನಮ್ಮ ಓಣಿಯ ಸಂಗಮ್ಮ ಮುಸುಕು ಹೊದ್ದು ಕೂತಿದ್ದರು.

"ನಾ ಸುಮ್ನ ಬಂದೀನಿ. ಇಲ್ಲಿ ಫ್ಯಾನಿನ ಗಾಳಿ ಛಲೋ ಅದ," ಎಂದರಂತೆ. ಇಶ್ರತ್ ನಂಬಿದಳು.

ಇದು ಕಾಯಿಲೆ, ಗುಳಿಗೆಯಿಂದ ನಿಧಾನಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಮರುದಿನವೇ ಸಂಗಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಇಶ್ರತ್ ಮನೆಗೆ ಬಂದರು.

"ಗುಳಿಗಿ ಯಾರ ಬ್ಯಾಡ ಅಂತಾರ? ಲಗ್ನದ ಸೀಜನ್ ಮುಗೀಲಿ. ಈಗ ನುಂಗಿದ್ರ ನೀನೂ ಎಲ್ಲಾರ ಹಾಂಗೇ ಹೊಲೀತಿ."

ಮೋರಖಂಡಿಗೆ ಸೊಸೆಯಾಗಿ ಹೋಗಲಿದ್ದ ರೂಪಾಲಿ, ತನ್ನ ಬ್ಲೌಸ್ ಮುಗಿದ ಮೇಲೆ ಬೇಕಾದರೆ ಎರಡೆರಡು ನುಂಗಲಿ ಎಂದಳು. ಪಕ್ಕದ ಮನೆಯವಳಾದ ನನಗೆ ಮೈಯೆಲ್ಲ ಉರಿಯಿತು.

"ನೀ ಮೊದಲ ನಿದ್ದಿ ಮಾಡು," ಎಂದೆ.

"ಅಕ್ಕ, ಅಂಜಿಕಿಯಿಂದಾನೇ ನನ್ನ ಹೆಸರು ಅದ. ಅಂಜಿಕಿ ಹೋದ್ರ ಹೊಲಿಗಿ ಹ್ಯಾಂಗ ಬರ್ತದ?" ಎಂದಳು ಇಶ್ರತ್. ಗುಳಿಗೆಗಳು ಗುಂಡಿಗಳ ಡಬ್ಬಿ ಸೇರಿದವು.

ರೂಪಾಲಿಯ ರೇಷ್ಮೆ ಬ್ಲೌಸನ್ನು ಅದೆಷ್ಟು ಸಲ ಬಿಚ್ಚಿದಳೋ, ಸೂಜಿಯ ತೂತುಗಳಿಂದ ಬಟ್ಟೆ ಜಾಳಾಯಿತು. ತೊಡಿಸಿ ನೋಡುವಾಗ ತೋಳು ಕಿತ್ತು ಇಶ್ರತ್ ಕೈಗೇ ಬಂತು. ಹೊಲಿಗೆ ಗಟ್ಟಿಯಾಗಿಯೇ ಇತ್ತು, ಬಟ್ಟೆ ಉಳಿದಿರಲಿಲ್ಲ. ರೂಪಾಲಿ ಅತ್ತಳು. ಇಶ್ರತ್ ಎದ್ದು ಗುಂಡಿಗಳ ನಡುವೆ ಹುಡುಕಿ ಮೊದಲ ಗುಳಿಗೆ ನುಂಗಿದಳು.

ಕೆಲವು ವಾರಗಳ ಮೇಲೆ ಸಂಗಮ್ಮನ ಬ್ಲೌಸನ್ನು ಒಂದೇ ಸಲ ಹೊಲಿದು ಕೊಟ್ಟಳು. ಸಂಗಮ್ಮ ಒಳಗು ಹೊರಗು ಮಾಡಿ ಜಗ್ಗಿ ನೋಡಿದರು. ಬಾಗಿಲಿಗೆ ಹೋಗಿ ತಿರುಗಿ ಬಂದು ಜಗ್ಗಿದರು. ಓಣಿಯ ತಿರುವಿನಿಂದ ಮತ್ತೆ ಬಂದು ಜಗ್ಗಿದರು.

"ಬಿಚ್ಚೇದೇನ್ರಿ, ಅಕ್ಕ?" ಇಶ್ರತ್ ಕತ್ತರಿ ಎತ್ತಿಕೊಂಡಳು.

"ಇಲ್ಲ, ಗಟ್ಟಿ ಅದ." ಸಂಗಮ್ಮ ಕುಸಿದು ಕೂತರು. ಸೊಂಟದ ಸಂಚಿಯಿಂದ ಹುಮನಾಬಾದಿನ ಗುಳಿಗೆಯ ಪೊಟ್ಟಣ ತೆಗೆದರು. ಅದರಲ್ಲಿ ಒಂದೂ ಖರ್ಚಾಗಿರಲಿಲ್ಲ.

"ಇವು ಊಟದ ಮೊದಲ ತಗೋಬೇಕೋ, ಊಟದ ಮ್ಯಾಲೋ?"