ಕಬ್ಬಿಣದ ಬಸವಣ್ಣನ ಸೋಮವಾರ

ಸೋಮವಾರ ಬೆಳಿಗ್ಗೆ ಯಾರಾದರೂ ಬಾಯಿ ತುಂಬ ಆಕಳಿಸಿದರೆ ನನಗೆ ಸಿಟ್ಟು ಬರುವುದಿಲ್ಲ, ಗೌರವ ಹುಟ್ಟುತ್ತದೆ. ಭಾನುವಾರದ ರಜೆ ಕಚೇರಿಗಳು ಕಲಿಸಿದ್ದು; ಸೋಮವಾರದ ಬಿಡುವಿಗಾದರೆ ನಮ್ಮ ಕಡೆ ಶಿವನ ಒಪ್ಪಿಗೆಯೇ ಇದೆ. ಶಿಕಾರಿಪುರ, ಸೊರಬದ ಸೀಮೆಯ ಶಿವಭಕ್ತ ರೈತರು ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಮನುಷ್ಯ ಬೇಕಾದರೆ ಕಳೆ ಕೀಳಲಿ, ಗೊಬ್ಬರ ಹೊರಲಿ. ಎತ್ತು ಮಾತ್ರ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಅವನನ್ನು ನೋಡುತ್ತಿರುತ್ತದೆ. ಬಳ್ಳಿಗಾವಿಯ ಗುಡಿಗಳ ಕಲ್ಲಿನ ನಂದಿಗಳಂತೂ ವಾರದ ಏಳು ದಿನವೂ ಸೋಮವಾರವನ್ನೇ ಆಚರಿಸುತ್ತವೆ. ಅವುಗಳ ಮುಖದ ಆ ನೆಮ್ಮದಿಗೆ ಶಿಲ್ಪಿಯ ಕೈಚಳಕ ಕಾರಣ ಎಂದು ಪಂಡಿತರು ಹೇಳುತ್ತಾರೆ. ರಜೆ ಕಾರಣ ಎಂದು ನನ್ನ ಅಭಿಪ್ರಾಯ.

ಈ ಪಾಂಡಿತ್ಯ ನನಗೆ ಬಂದದ್ದು ಕಂಪನಿಯ ನೌಕರಿಯಿಂದ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಆನವಟ್ಟಿಯ ಆಚೆ ಹೊಳೆಗೆ ಸೇತುವೆ ಕಟ್ಟಲು ದೇಶವಿದೇಶಗಳಲ್ಲಿ ಕೆಲಸ ಮಾಡುವ ಒಂದು ದೊಡ್ಡ ಕಂಪನಿ ಬಂತು. ಕಂಪನಿಯ ಊರು ಒಂದು ದೇಶ, ಸಾಹೇಬನ ಊರು ಇನ್ನೊಂದು, ಯಂತ್ರ ಹುಟ್ಟಿದ್ದು ಮತ್ತೊಂದು. ಮೂವರ ಮನಸ್ಸಿನಲ್ಲಿರುವುದನ್ನೂ ನಮ್ಮ ಕೂಲಿಯವರಿಗೆ ಕನ್ನಡದಲ್ಲಿ ಹೇಳಲು ಒಬ್ಬ ಗುಮಾಸ್ತ ಬೇಕಾಗಿದ್ದ. ಇಂಟರ್‌ಮೀಡಿಯೆಟ್‌ನಲ್ಲಿ ಇಂಗ್ಲಿಷ್ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ನಪಾಸಾಗಿ, ಶಿಕಾರಿಪುರದ ಅಂಗಡಿಕಟ್ಟೆಗಳನ್ನು ಸವೆಸುತ್ತಿದ್ದ ನನಗೆ ಆ ಪಟ್ಟ ಒಲಿಯಿತು.

ಈ ಸುದ್ದಿ ಬಸ್ಸಿಗಿಂತ ಮೊದಲೇ ತೊಗರ್ಸಿ ಮುಟ್ಟಿತು. ಅಲ್ಲಿಯ ರೈತ ಚನ್ನಬಸಪ್ಪನವರು ತಮ್ಮ ಮಗಳು ನೀಲಮ್ಮನನ್ನು ನನಗೆ ಕೊಡುವ ಮಾತೆತ್ತಿದರು. ಹೆಣ್ಣು ನೋಡಲು ಹೋದಾಗ ಅವಳು ಅವಲಕ್ಕಿಯ ತಟ್ಟೆ ನನ್ನ ಮುಂದಿಟ್ಟು ನೇರವಾಗಿ ಕೇಳಿದಳು: “ಕಂಪನಿಯಾಗೆ ನಿಮ್ಮ ಕೆಲಸ ಏನ್ರೀ?”

“ಮಾತಾಡೋದು” ಎಂದೆ.

“ಅದಕ್ಕೂ ಸಂಬಳ ಕೊಡ್ತಾರಾ!” ಎಂದು ನಕ್ಕಳು. ಆ ನಗುವಿಗೆ ನಾನು ಮರುಳಾದೆ. ಮದುವೆಯಾದರೆ ಇವಳನ್ನೇ ಎಂದು ಅವಲಕ್ಕಿ ಮುಗಿಯುವುದರೊಳಗೆ ನಿರ್ಧರಿಸಿಬಿಟ್ಟೆ.

ಸೇತುವೆಯ ಎರಡೂ ಕಡೆ ರಸ್ತೆಯನ್ನು ಎತ್ತರಿಸಲು ಮಣ್ಣು ಬೇಕಿತ್ತು. ಅದನ್ನು ಹೊಳೆಯ ದಾರಿಯಲ್ಲಿದ್ದ ಚನ್ನಬಸಪ್ಪನವರ ದಿಬ್ಬದ ಹೊಲದಿಂದಲೇ ತೆಗೆಯುವುದೆಂದು ಗೊತ್ತಾಯಿತು. ಅಲ್ಲಿಗೆ ಮೊದಲ ಬುಲ್ಡೋಜರ್ ಬಂದ ದಿನ ಅದರ ಆರ್ಭಟಕ್ಕೆ ಕೂಲಿಯವರು ಬುಟ್ಟಿ ಬಿಸಾಕಿ ಓಡಿದರು. ಸಾಹೇಬ ನನ್ನ ಮುಖ ನೋಡಿದ. ನಾನು ದಿಬ್ಬ ಹತ್ತಿ ಭಾಷಣಕ್ಕೆ ನಿಂತೆ: “ಹೆದರಬ್ಯಾಡ್ರಿ! ಇದೂ ಒಂದು ಬಸವಣ್ಣನೇ. ಹುಲ್ಲಿನ ಬದ್ಲು ಎಣ್ಣೆ ಕುಡೀತದೆ, ಅಷ್ಟೇ!”

ಜನ ಒಬ್ಬೊಬ್ಬರಾಗಿ ಹಿಂದಕ್ಕೆ ಬಂದರು. ಚನ್ನಬಸಪ್ಪನವರೇ ಯಂತ್ರದ ಹಣೆಗೆ ವಿಭೂತಿ ಬಳಿದು, ಕಾಯಿ ಒಡೆದು, ಕೈಮುಗಿದರು. ಸಾಹೇಬ ನನ್ನ ಬೆನ್ನು ತಟ್ಟಿದ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ಅಂಥ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಸೋಮವಾರ ಬಂತು. ಬುಲ್ಡೋಜರಿನ ಮುಂದೆ ಚನ್ನಬಸಪ್ಪನವರು ಕೋಲು ಊರಿಕೊಂಡು ನಿಂತಿದ್ದರು. “ಇವತ್ತು ನನ್ನ ಹೊಲದಾಗೆ ಇದನ್ನ ಹೂಡಂಗಿಲ್ಲ.”

“ಯಜಮಾನ್ರೇ, ಇದು ಯಂತ್ರ ಅಲ್ವೇನ್ರೀ?”

“ಬಸವಣ್ಣ ಅಂದೋರು ಯಾರು? ನೀವೇ. ವಿಭೂತಿ ಹಚ್ಚಿ ಕೈಮುಗಿದ ಮ್ಯಾಲೆ ಸೋಮವಾರ ದುಡಿಸೋಕಾಗುತ್ತಾ? ಆಳುಗಳು ಬುಟ್ಟಿ ಹೊರಲಿ, ನಾನು ಬ್ಯಾಡ ಅನ್ನಂಗಿಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದರು: “ಬಸವಣ್ಣನ ವಾರ ಮುರಿಯೋನಿಗೆ ನಾನು ಹೆಣ್ಣು ಕೊಡಂಗಿಲ್ಲ. ತಿಳೀತಾ?”

ಇತ್ತ ಸಾಹೇಬ ಕೆಂಡವಾದ. ಮಳೆಗಾಲದೊಳಗೆ ಮಣ್ಣಿನ ಕೆಲಸ ಮುಗಿಯಬೇಕಿತ್ತು. ಸಂಜೆಯೊಳಗೆ ಇದನ್ನು ಬಗೆಹರಿಸು, ಆಗದಿದ್ದರೆ ನಾಳೆಯಿಂದ ಬರಬೇಡ ಎಂದುಬಿಟ್ಟ. ಸಾಹೇಬನ ಮಾತು ನಡೆಸಿದರೆ ಹೆಣ್ಣಿಲ್ಲ. ನಡೆಸದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದವನಿಗೆ ಮಗಳನ್ನು ಕೊಡುವಷ್ಟು ವೈರಾಗ್ಯ ಚನ್ನಬಸಪ್ಪನವರಲ್ಲಿ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ. ಎರಡರಲ್ಲಿ ಯಾವುದಕ್ಕೆ ಬಿದ್ದರೂ ನೀಲಮ್ಮ ನನ್ನ ಪಾಲಿಗಿಲ್ಲ. ಆ ಮಧ್ಯಾಹ್ನ ನನ್ನ ಬುತ್ತಿಯ ಗಂಟು ಬಿಚ್ಚಲಿಲ್ಲ ಎಂದರೆ ನನ್ನನ್ನು ಬಲ್ಲವರಿಗೆ ಸಂಕಟದ ಆಳ ತಿಳಿದೀತು.

ದುಭಾಷಿಯ ಧರ್ಮ ಸೂಕ್ಷ್ಮವಾದದ್ದು. ಒಬ್ಬನ ಮಾತನ್ನು ಇನ್ನೊಬ್ಬನಿಗೆ ಇದ್ದದ್ದು ಇದ್ದ ಹಾಗೆ ಮುಟ್ಟಿಸಿದರೆ ಯುದ್ಧವಾಗುತ್ತದೆ. ಅವರವರ ಹೊಟ್ಟೆಗೆ ಅರಗುವಷ್ಟನ್ನು ಬಡಿಸುವವನೇ ಜಾಣ. ನಮ್ಮ ಸಾಹೇಬ ಭಾನುವಾರ ಬಂತೆಂದರೆ ಯಂತ್ರದ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೊಳೆಯ ದಂಡೆಯಲ್ಲಿ ಮೀನಿಗೆ ಗಾಳ ಹಾಕಿ ಕೂರುತ್ತಿದ್ದ. ಅವನ ಬಳಿ ಹೋಗಿ ಹೇಳಿದೆ: ಈ ಕೆಂಪು ಧೂಳು ಯಂತ್ರದ ಮೂಗಿನೊಳಗೆಲ್ಲ ಸೇರಿಕೊಂಡಿದೆ. ವಾರಕ್ಕೊಂದು ದಿನ ತೊಳೆದು ಎಣ್ಣೆ ಹಾಕದಿದ್ದರೆ ಮಳೆಗಾಲಕ್ಕೆ ಮೊದಲೇ ಮಲಗಿಬಿಡುತ್ತದೆ. ಊರಿನವರು ಸೋಮವಾರ ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾರೆ. ಆ ದಿನದ ಮಣ್ಣಿನ ಕೆಲಸವನ್ನು ಭಾನುವಾರ ಮಾಡಿಸೋಣ; ನೀವು ಮೀನು ಹಿಡಿಯಿರಿ, ಯಂತ್ರದ ಉಸ್ತುವಾರಿ ನನಗಿರಲಿ. ಸಾಹೇಬ ಕೀಲಿಯನ್ನು ನನ್ನ ಕೈಗಿಟ್ಟ.

ಚನ್ನಬಸಪ್ಪನವರಿಗೆ ಹೇಳಿದ್ದು ಇಷ್ಟೇ: “ಸಾಹೇಬರು ತಪ್ಪು ಒಪ್ಪಿಕೊಂಡ್ರು. ಸೋಮವಾರ ಬಸವಣ್ಣನಿಗೆ ಸ್ನಾನ, ಎಣ್ಣೆ, ಪೂಜೆ ಎಲ್ಲ ಆಗ್ಬೇಕಂತೆ.”

“ಬಿಳಿಯನಾದ್ರೂ ಸಂಸ್ಕಾರ ಐತೆ” ಎಂದರು ಅವರು.

ಮುಂದಿನ ಸೋಮವಾರ ಊರಿಗೆ ಊರೇ ಬಂದು ಬುಲ್ಡೋಜರನ್ನು ಎಮ್ಮೆ ತಿಕ್ಕಿದ ಹಾಗೆ ಹುಲ್ಲಿನಿಂದ ತಿಕ್ಕಿತು. ಸಾಹೇಬ ಫೋಟೋ ತೆಗೆದು, ಕಾಲಕಾಲಕ್ಕೆ ಯಂತ್ರರಕ್ಷಣೆ ಮಾಡುವ ಹೊಸ ಕ್ರಮ ಎಂದು ಕಂಪನಿಯ ಮುಖ್ಯ ಕಚೇರಿಗೆ ಕಳಿಸಿದ. ಅವರು ಮೆಚ್ಚಿಕೊಂಡು, ಕಂಪನಿಯ ಉಳಿದ ದೇಶಗಳ ಕೆಲಸಗಳಲ್ಲೂ ಸೋಮವಾರವೇ ಯಂತ್ರ ತೊಳೆಯಬೇಕೆಂದು ಅಪ್ಪಣೆ ಮಾಡಿದರಂತೆ. ಯಾವುದೋ ಮರಳುಗಾಡಿನಲ್ಲಿ ಒಂದು ಬುಲ್ಡೋಜರ್ ತನಗೇ ತಿಳಿಯದೆ ತೊಗರ್ಸಿಯ ಗುಡಿಯ ಮಲ್ಲಿಕಾರ್ಜುನನ ವಾರ ಮಾಡುತ್ತಿದೆ ಎಂದು ನೆನೆದು ನಾನು ಎಷ್ಟೋ ಸಲ ಒಬ್ಬನೇ ನಕ್ಕಿದ್ದೇನೆ.

ಮದುವೆಯಾಯಿತು. ಆನವಟ್ಟಿಯಲ್ಲಿ ಕಂಪನಿ ಕೊಟ್ಟ ತಗಡಿನ ಮನೆಯಲ್ಲಿ ಸಂಸಾರ ಹೂಡಿದೆವು. ಮೊದಲ ಸೋಮವಾರ ಎದ್ದು ನೋಡುತ್ತೇನೆ, ಒಲೆ ತಣ್ಣಗಿದೆ. ನೀಲಮ್ಮ ಚಾಪೆಯ ಮೇಲೆ ಕಾಲು ಚಾಚಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

“ಸಾಹೇಬ್ರಿಗೆ ಭಾನುವಾರ. ಎತ್ತಿಗೆ ಸೋಮವಾರ. ಆ ಕಬ್ಬಿಣಕ್ಕೂ ನೀವು ಸೋಮವಾರ ಕೊಡಿಸಿದ್ರಿ. ನನ್ನ ಹೆಗಲಿನ ನೊಗ ಯಾವ ವಾರ ಇಳಿಸ್ತೀರಿ?”

ಎರಡು ದೇಶಗಳ ನಡುವೆ ಸಂಧಾನ ಮಾಡಿದವನು ಎದ್ದು ಹೋಗಿ ಒಲೆಗೆ ಕಡ್ಡಿ ಗೀರಿದೆ. ಅಂದಿನಿಂದ ಸೋಮವಾರದ ಒಲೆ ನನ್ನದಾಯಿತು. ಕಂಪನಿ ಕೆಲಸ ಮಾಡುವ ದೇಶಗಳ ನಕ್ಷೆಗಳೆಲ್ಲ ಒಂದೊಂದಾಗಿ ಹೆಂಚಿನ ಮೇಲೆ ರೊಟ್ಟಿಯಾಗಿ ಬೆಂದವು. ಹೊಗೆಗೆ ಕಣ್ಣೊರೆಸಿಕೊಳ್ಳುವಾಗ ಉಳಿದ ಆರು ದಿನ ಅವಳ ಕಣ್ಣಿನ ಗತಿ ಏನೆಂದು ತಿಳಿದು ನಿಜವಾಗಿ ನಾಚಿಕೆಯಾಯಿತು. ಆದರೂ ಮನುಷ್ಯ ಬಿಡುಗಡೆಯ ದಾರಿ ಹುಡುಕದೆ ಇರುತ್ತಾನೆಯೇ?

ಒಂದು ಸೋಮವಾರ ಮಾವನವರೇ ಬಂದರು. ಇವರಿಗಿಂತ ದೊಡ್ಡ ನ್ಯಾಯಾಧೀಶ ಬೇಕೆ ಎಂದುಕೊಂಡು, ಹಿಟ್ಟಿನ ಕೈಯನ್ನು ಎತ್ತಿ ತೋರಿಸುತ್ತ ದೂರು ಕೊಟ್ಟೆ: “ನೋಡಿ ಮಾವ, ನಿಮ್ಮ ಮಗಳು ಸೋಮವಾರ ನನ್ನ ಹೂಡಿದ್ದಾಳೆ.”

ಅವರು ಮಗಳ ಮುಖ ನೋಡಿದರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ನಿಧಾನವಾಗಿ ರೊಟ್ಟಿ ಮುರಿದರು.

“ಸೋಮವಾರ ಬಿಡುವು ಬಸವಣ್ಣಗೆ, ಅಳಿಯಂದ್ರೆ. ನೀವಿನ್ನೂ ಆ ಪದವಿಗೆ ಏರಿಲ್ಲ. ಇನ್ನೊಂದು ರೊಟ್ಟಿ ಹಾಕ್ರಿ.”