ಶರಣಮ್ಮನಿಗೂ ಶುಗರ್ ಇತ್ತು

ರೊಟ್ಟಿ ಸೀಯುತ್ತಿದೆ ಎಂದುಕೊಂಡೆ.

ಬೆಳಗಿನ ನಡಿಗೆ ಮುಗಿಸಿ ಕಾಲುವೆ ದಂಡೆಯಿಂದ ಆಗಷ್ಟೇ ಬಂದು ಪಡಸಾಲೆಯಲ್ಲಿ ಕುಳಿತಿದ್ದೆ. ಸುಟ್ಟ ವಾಸನೆ ಬಂತು. ಒಳಗೆ ಹೋಗಿ ನೋಡಿದರೆ ಹಂಚಿನ ಮೇಲಿನ ರೊಟ್ಟಿ ಸರಿಯಾಗಿಯೇ ಇತ್ತು. ಒಲೆಯಿಂದ ಜಾರಿದ ಕೆಂಡವೊಂದು ನನ್ನ ಹೆಂಡತಿ ಶರಣಮ್ಮನ ಬಲಗಾಲಿನ ಕೆಳಗಿತ್ತು. ಅದರ ಮೇಲೆಯೇ ಪಾದ ಊರಿ ಕುಳಿತು ಆಕೆ ಮುಂದಿನ ರೊಟ್ಟಿ ಬಡಿಯುತ್ತಿದ್ದಳು. ನಾನು ಕೂಗಿದೆ. ಏನಾಯಿತು ಎಂಬಂತೆ ತಲೆ ಎತ್ತಿ ನನ್ನನ್ನು ನೋಡಿದಳು.

ಆಕೆಗೆ ನೋವೇ ಆಗಿರಲಿಲ್ಲ.

ನಾನು ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯ ನಿವೃತ್ತ ಮಾಸ್ತರ. ಶುಗರ್ ಇದ್ದದ್ದು ನನಗೆ. ಒಂಬತ್ತು ವರ್ಷದ ಹಿಂದೆ ಗೊತ್ತಾದಾಗ ಡಾಕ್ಟರು ನನಗಿಂತ ಹೆಚ್ಚಾಗಿ ಶರಣಮ್ಮನಿಗೇ ತಿಳಿಸಿ ಹೇಳಿದ್ದರು. ನಾಲ್ಕನೇ ಇಯತ್ತೆ ಓದಿದವಳು. ಆಸ್ಪತ್ರೆಯಲ್ಲಿ ಕೊಟ್ಟ ಊಟದ ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿ ಬಾಯಿಪಾಠ ಮಾಡಿಕೊಂಡಳು.

ನಮ್ಮ ಮದುವೆಯ ಹೊಸತರಲ್ಲಿ ಹೊಲಗಳಿಗೆ ಕಾಲುವೆ ನೀರು ಬಂತು. ಜೋಳ ಬೆಳೆಯುತ್ತಿದ್ದ ಎರೆಭೂಮಿ ಗದ್ದೆಯಾಯಿತು. ಎರಡು ಹೊತ್ತು ಬಿಳಿ ಅನ್ನ ಉಣ್ಣುವುದು ಮನೆಯ ಮರ್ಯಾದೆ ಎನ್ನುವಂತಾಯಿತು. ಆಕೆ ನನ್ನ ಒಬ್ಬನ ತಾಟಿನಲ್ಲಿ ಮಾತ್ರ ಹಳೆಯ ಕಾಲವನ್ನು ವಾಪಸು ತಂದಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ನೆನೆಸಿದ ಮಡಕಿ ಕಾಳು, ಅನ್ನ ಒಂದು ಸಣ್ಣ ಬಟ್ಟಲು. ಚಹಾಕ್ಕೆ ಸಕ್ಕರೆ ಇಲ್ಲ. ದಂಡೆಯ ಮೇಲೆ ನಡೆಯುತ್ತಾ ನಾವು ನಾಲ್ಕೈದು ಮಂದಿ ನಿವೃತ್ತರು ಮಾತ್ರೆ, ಫಾಸ್ಟಿಂಗ್ ಅಂತ ಮಾತಾಡುತ್ತಿದ್ದೆವು. ನನ್ನ ರಿಪೋರ್ಟ್ ಎಲ್ಲರಿಗಿಂತ ಚೆನ್ನಾಗಿರುತ್ತಿತ್ತು. ಶಿಸ್ತಿನ ಮನುಷ್ಯ ಎಂದು ಅವರು ಹೊಗಳುತ್ತಿದ್ದರು, ನಾನೂ ಅದನ್ನು ನಂಬಿದ್ದೆ.

ಆಕೆ ಏನು ಉಣ್ಣುತ್ತಿದ್ದಳು ಎಂದು ನಾನು ನೋಡಲಿಲ್ಲ.

ಇದನ್ನು ಬರೆಯಲೇಬೇಕು. ನನ್ನದು, ಬಂದುಹೋದವರದು ಎಲ್ಲರ ಊಟವೂ ಆದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ, ಉಳಿದ ಅನ್ನವನ್ನು ಚೆಲ್ಲಬಾರದೆಂದು ಆಕೆ ತಿನ್ನುತ್ತಿದ್ದಳು. ಅಲ್ಲಿಯತನಕ ಮೂರು ಕಪ್ ಸಿಹಿ ಚಹಾದ ಮೇಲೆಯೇ ಇರುತ್ತಿದ್ದಳು. ಸೋಮವಾರ ಉಪವಾಸ, ಸಾಬೂದಾನಿ. ಎರಡು ವರ್ಷದಿಂದ ಸೊರಗಿದ್ದಳು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ಬಿಸಿಲು ಎಂದು ನಾನಂದೆ. ವಯಸ್ಸು ಎಂದು ಆಕೆ ಅಂದಳು. ಸ್ವತಃ ಅದೇ ರೋಗದ ಲಕ್ಷಣಗಳನ್ನು ಅನುಭವಿಸಿದವನು, ಅದೇ ಚೀಟಿಯನ್ನು ಎರಡು ಸಲ ಓದಿದವನು, ಪಕ್ಕದಲ್ಲೇ ಕುಳಿತು ಬಿಸಿಲು ಎಂದೆ.

ಸುಟ್ಟ ಜಾಗಕ್ಕೆ ಅರಿಷಿಣ ಹಚ್ಚಿದಳು. ನೋವಿಲ್ಲದ್ದರಿಂದ ಎಂಟು ದಿನ ಅದೇ ಕಾಲಿನ ಮೇಲೆ ಓಡಾಡಿದಳು. ಒಂಬತ್ತನೆಯ ದಿನ ಕಿರುಬೆರಳು ಕಪ್ಪಾಯಿತು. ಶಹಾಪುರಕ್ಕೆ ಕರೆದುಕೊಂಡು ಹೋದೆ. ಕೈಬೆರಳು ಚುಚ್ಚಿ ನೋಡಿದರೆ ಮಷೀನಿನಲ್ಲಿ ಅಂಕಿಯೇ ಬರಲಿಲ್ಲ, ‘ಹೈ’ ಎಂದಷ್ಟೇ ಬಂತು. ಮಷೀನು ಅಳೆಯುವ ಮಿತಿಯನ್ನೂ ದಾಟಿದೆ ಎಂದು ಡಾಕ್ಟರಮ್ಮ ಹೇಳಿದರು. ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ ಎಂದು ಕೇಳಿದರು. ನನಗದರಿ, ಒಂಬತ್ತು ವರ್ಷ ಆತು ಎಂದೆ.

“ಇವರಿಗೆ ಯಾವಾಗ ಚೆಕ್ ಮಾಡಿಸೀರಿ?”

ಒಮ್ಮೆಯೂ ಇಲ್ಲ.

ಅಂದೇ ಕಲಬುರಗಿಗೆ ಕಳಿಸಿದರು. ಅಡ್ಮಿಟ್ ಆದ ಮರುದಿನ ಡಯೆಟಿಷಿಯನ್ ಒಬ್ಬಳು ವಾರ್ಡಿಗೆ ಬಂದಳು, ನಮ್ಮ ಮಗಳು ಸುನಂದಾಳ ವಯಸ್ಸಿನವಳು. ಶುಗರ್ ಇದ್ದವರು ಏನು ತಿನ್ನಬೇಕು ಗೊತ್ತಾ ಎಂದು ಕೇಳಿದಳು. ಮಲಗಿದಲ್ಲಿಂದಲೇ ಶರಣಮ್ಮ ಎಲ್ಲವನ್ನೂ ಒಪ್ಪಿಸಿದಳು. ರೊಟ್ಟಿ ಎಷ್ಟು, ಅನ್ನ ಎಷ್ಟು, ಹಣ್ಣು ಯಾವುದು, ಊಟ ತಪ್ಪಿಸಬಾರದು, ಬರಿಗಾಲಲ್ಲಿ ನಡೆಯಬಾರದು. ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೀಗಾಯಿತು ಎಂದಳು.

“ಅದು ಅವರ ಊಟ ಅಲ್ಲೇನವ್ವಾ,” ಎಂದಳು ಶರಣಮ್ಮ.

ನಾನು ವಾರ್ಡಿನಿಂದ ಹೊರಗೆ ಬಂದೆ.

ಮೊದಲು ಎರಡು ಬೆರಳು ತೆಗೆದರು. ಇನ್ಫೆಕ್ಷನ್ ನಿಲ್ಲಲಿಲ್ಲ. ಹನ್ನೆರಡನೆಯ ದಿನ ಮೊಣಕಾಲಿನ ಕೆಳಗೆ ತೆಗೆಯಬೇಕೆಂದರು. ಫಾರ್ಮಿಗೆ ಸಹಿ ಹಾಕಿದವನು ನಾನು. ಆಪರೇಷನ್ ಆದ ಮೂರನೆಯ ದಿನ ಮಧ್ಯಾಹ್ನ, ಸುನಂದಾ ಔಷಧಿ ತರಲು ಹೋಗಿದ್ದಾಗ, ಗೋಡೆ ನೋಡುತ್ತಲೇ ಕೇಳಿದಳು:

“ಆ ಕಾಲ ಎಲ್ಲಿ ಹಾಕ್ಯಾರ್ರಿ?”

ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

“ಮಣ್ಣಿಗಿ ಹೋಗೋ ಮುಂದ ಇಡೀ ಹೋಗಬೇಕಂತಿದ್ದೆ,” ಎಂದಳು.

ಈಗ ಮನೆಗೆ ಬಂದು ನಾಲ್ಕು ತಿಂಗಳು. ಸುನಂದಾ ಒಂದು ತಿಂಗಳು ಇದ್ದು ಯಾದಗಿರಿಗೆ, ತನ್ನ ಶಾಲೆಯ ಕೆಲಸಕ್ಕೆ ಮರಳಿದಳು. ಎರಡು ಹೊತ್ತು ಇನ್ಸುಲಿನ್ ನಾನೇ ಹಾಕುತ್ತೇನೆ. ಅಡುಗೆ ಕಲಿತಿದ್ದೇನೆ, ಕೆಟ್ಟದಾಗಿ. ಆಕೆಯ ಕಣ್ಣಿನ ಹಿಂದೆ ರಕ್ತ ಸೋರಿದೆಯಂತೆ. ಕಿಡ್ನಿಯೂ ಸೋತಿದೆ, ಕ್ರಿಯಾಟಿನಿನ್ ಏರುತ್ತಿದೆ. ನಿಧಾನ ಮಾಡಬಹುದು, ಹಿಂದಕ್ಕೆ ತಿರುಗಿಸಲಾಗದು ಎಂದಿದ್ದಾರೆ. ನನ್ನ ಶುಗರ್ ಮಾತ್ರ ಈಗಲೂ ನಾರ್ಮಲ್. ಆ ರಿಪೋರ್ಟನ್ನು ಆಕೆಯ ಮುಂದೆ ಬಿಚ್ಚಲು ಕೈ ಬರುವುದಿಲ್ಲ.

ನಡಿಗೆಯ ಗೆಳೆಯರಿಗೆ ಎಲ್ಲ ಹೇಳಿದೆ. ನಿಮ್ಮ ಮನೆಯವರಿಗೂ ಚೆಕ್ ಮಾಡಿಸಿರಿ ಎಂದೆ. ಇಬ್ಬರು ಮಾಡಿಸಿದರು. ಒಬ್ಬರ ಹೆಂಡತಿಗೆ ಇತ್ತು, ಬೇಗ ಸಿಕ್ಕಿತು. ಅವರು ಬಂದು ನನ್ನ ಕೈ ಹಿಡಿದುಕೊಂಡರು. ನನಗೆ ಸಮಾಧಾನವಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ಅದನ್ನೂ ಬರೆದಿಡುತ್ತೇನೆ.

ಎಡಗಾಲು ಇದೆ. ಅದನ್ನು ಉಳಿಸಿಕೊಳ್ಳಬೇಕಾದರೆ ದಿನಾ ಬೆರಳ ಸಂದಿ, ಹಿಮ್ಮಡಿ, ಅಂಗಾಲು ಎಲ್ಲ ನೋಡಬೇಕೆಂದು ಡಾಕ್ಟರು ಹೇಳಿದ್ದಾರೆ. ಆಕೆಗೆ ಕಣ್ಣು ಕಾಣದು, ನಾನೇ ನೋಡಬೇಕು. ಮೊದಲ ದಿನ ಪಾದ ಹಿಡಿದಾಗ ಎಳೆದುಕೊಂಡಳು. ಗಂಡ ಹೆಂಡತಿಯ ಕಾಲು ಮುಟ್ಟುವುದೇ, ಪಾಪ ಹತ್ತುತ್ತದೆ ಎಂದು ಅತ್ತಳು. ಎಷ್ಟೋ ದಿನ ಹಾಗೆಯೇ ಮುಖ ತಿರುಗಿಸಿ ಕೂರುತ್ತಿದ್ದಳು, ನಾನು ಒಂದೊಂದು ಜಾಗದ ಹೆಸರು ಬಾಯಲ್ಲಿ ಹೇಳುತ್ತಾ ಅವಸರದಲ್ಲಿ ನೋಡಿ ಮುಗಿಸುತ್ತಿದ್ದೆ.

ಇಂದು ಬೆಳಿಗ್ಗೆ ನಾನು ಕೇಳುವ ಮೊದಲೇ ಪಾದವನ್ನು ನನ್ನ ತೊಡೆಯ ಮೇಲಿಟ್ಟಳು.

“ನಿನ್ನಿ ಕಿರುಬೆರಳ ಸಂದಿ ಬಿಟ್ಟೀರಿ,” ಎಂದಳು. “ಛಂದಾಗಿ ನೋಡ್ರಿ.”

ಚಸ್ಮಾ ಹಾಕಿಕೊಂಡು ಬೆರಳು ಬಿಡಿಸಿ ನೋಡಿದೆ. ಗಾಯವಿರಲಿಲ್ಲ.